ಮಾಟಗಾತಿ, ಮಾಂತ್ರಿಕ, ಕದ್ದಾಲಿಕೆ: ಇಂಗ್ಲಿಷ್ ಪದಕ್ಕೆ ಯಾವ ಕನ್ನಡ ಪದ?

ಕಳೆದ ಮಳೆಗಾಲದಲ್ಲಿ ಕಾರವಾರದ ನಮ್ಮ ಮನೆಯಲ್ಲಿ ಐದಾರು ಮಕ್ಕಳಿಗೆ ಅನುವಾದ ಹೇಳಿಕೊಡುತ್ತಿದ್ದೆ. ಹೈಸ್ಕೂಲಿನ ಕೆಲಸದಿಂದ ನಿವೃತ್ತಿಯಾದ ಮೇಲೆ ಹಿಡಿದ ಕೆಲಸ ಇದು. ಒಂದು ಸಂಜೆ ಒಬ್ಬಳು ಹುಡುಗಿ ಎರಡು ವಾಕ್ಯ ಬರೆದು ತಂದಳು. ಮೊದಲನೆಯದು: "ಊರಿನವರಿಗೆಲ್ಲ ಔಷಧ ಕೊಡುತ್ತಿದ್ದ ಆ ಮಾಟಗಾತಿ ಮಕ್ಕಳಿಗೆ ತುಂಬ ಇಷ್ಟ." ಎರಡನೆಯದು: "ಪೊಲೀಸರು ಸಮುದ್ರದಲ್ಲಿ ಆ ಬೋಟನ್ನು ಕದ್ದಾಲಿಸಿದರು."

ಎರಡನೆಯದನ್ನು ಕೇಳಿ ಉಳಿದ ಮಕ್ಕಳು ನಕ್ಕರು. ಮೊದಲನೆಯದಕ್ಕೆ ಯಾರೂ ನಗಲಿಲ್ಲ. ಅದರಲ್ಲಿ ತಪ್ಪಿದೆ ಅಂತ ಯಾರಿಗೂ ಅನ್ನಿಸಲೇ ಇಲ್ಲ. ನನಗೆ ಮಾತ್ರ ಮೊದಲನೆಯದೇ ಜಾಸ್ತಿ ಚುಚ್ಚಿತು.

"ಅಕ್ಕೋರೆ, ಫೋನಿನಲ್ಲಿ ಹಾಗೇ ತೋರಿಸ್ತು. ತಪ್ಪಾ?" ಎಂದಳು ಹುಡುಗಿ. ಫೋನು ತೋರಿಸಿದ್ದು ಸುಳ್ಳಲ್ಲ. ವಿಚ್ ಎಂದರೆ ಮಾಟಗಾತಿ ಎಂದೇ ನಾವೂ ಶಾಲೆಯಲ್ಲಿ ಕಲಿತದ್ದು. ಎರಡನೆಯ ವಾಕ್ಯದ ಇಂಗ್ಲಿಷ್ ಪದ ಇಂಟರ್ಸೆಪ್ಟ್, ಅಂದರೆ ಹೊರಟದ್ದನ್ನು ನಡುವೆ ಹಿಡಿಯುವುದು. ಫೋನಿನ ಮಾತನ್ನು ಇಂಟರ್ಸೆಪ್ಟ್ ಮಾಡಿದರೆ ಪತ್ರಿಕೆಗಳು ಕದ್ದಾಲಿಕೆ ಎಂದೇ ಬರೆಯುತ್ತವೆ. ಆದರೆ ಈ ಎರಡೂ ಕನ್ನಡ ಪದಗಳ ಹೊಟ್ಟೆಯಲ್ಲಿ ಒಂದೊಂದು ದೂರು ಅಡಗಿದೆ. ಮಾಟ ಎಂದರೆ ಇನ್ನೊಬ್ಬರಿಗೆ ಕೆಡುಕು ಮಾಡಿಸುವುದು. ಕದ್ದು ಆಲಿಸುವುದು ಎಂದರೆ ಕಳ್ಳತನ. ಇಂಗ್ಲಿಷ್ ಪದದಲ್ಲಿ ಆ ದೂರು ಕೆಲವು ಕಡೆ ಇರುತ್ತದೆ, ಕೆಲವು ಕಡೆ ಇರುವುದಿಲ್ಲ. ಹಾಗಾಗಿ ಪದ ಆರಿಸುವ ಮೊದಲು ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಮೂಲದ ಲೇಖಕ ಇಲ್ಲಿ ಯಾರ ಮೇಲಾದರೂ ದೂರು ಹೇಳುತ್ತಿದ್ದಾನಾ? ಇಲ್ಲ ಎಂದಾದರೆ ನನ್ನ ಕನ್ನಡ ಪದವೂ ಹೇಳಬಾರದು.

ಆ ಸಂಜೆಯಿಂದ ಮಕ್ಕಳ ಜೊತೆ ಕೂತು ಮಾಡಿಕೊಂಡ ಹೋಲಿಕೆ ಇದು. ಅನುವಾದ ಮಾಡುವವರಿಗೆ, ನಾಟಕ ಬರೆಯುವವರಿಗೆ, ಸುಮ್ನೆ ಕುತೂಹಲ ಇರುವವರಿಗೂ ಉಪಯೋಗಕ್ಕೆ ಬರಬಹುದು.

ವಿಚ್: ಎಲ್ಲಕ್ಕಿಂತ ಜಾಗ್ರತೆ ಬೇಕಾದ ಪದ

ಹಳೆಯ ಇಂಗ್ಲಿಷಿನಲ್ಲಿ ಈ ಪದಕ್ಕೆ ಎರಡು ರೂಪ ಇದ್ದವು. ಗಂಡಸಾದರೆ ವಿಚ್ಚಾ, ಹೆಂಗಸಾದರೆ ವಿಚ್ಚೆ. ಕಾಲ ಕಳೆದಂತೆ ಕೊನೆಯ ಅಕ್ಷರ ಸವೆದು ಎರಡೂ ಒಂದಾದವು. ಆಮೇಲೆ ನಿಧಾನಕ್ಕೆ ಅದು ಹೆಂಗಸಿನ ಪದವಾಯಿತು. ಆದರೂ ಗಂಡಸರನ್ನು ಪೂರ್ತಿ ಬಿಟ್ಟಿರಲಿಲ್ಲ. ಅಮೆರಿಕದ ಸೇಲಂನಲ್ಲಿ 1692ರಲ್ಲಿ ನಡೆದ ವಿಚಾರಣೆಯಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ಅವರಲ್ಲಿ 14 ಹೆಂಗಸರು, 5 ಗಂಡಸರು. ಎಲ್ಲರ ಮೇಲೂ ಇದ್ದ ಆರೋಪ ಒಂದೇ. ಇನ್ನೊಬ್ಬ ಮುದುಕ ಆರೋಪಕ್ಕೆ ಉತ್ತರ ಕೊಡಲು ಒಪ್ಪಲಿಲ್ಲ. ಅವನ ಎದೆಯ ಮೇಲೆ ಕಲ್ಲು ಹೇರಿ ಕೊಂದರು. ಅಂಥ ಪಠ್ಯದಲ್ಲಿ ಬರುವ ವಿಚ್ ಪದವನ್ನು ಕಣ್ಣುಮುಚ್ಚಿ ಮಾಟಗಾತಿ ಎಂದು ಬರೆದರೆ ಗಲ್ಲಿಗೇರಿದ ಐವರು ಗಂಡಸರು ಮಾಯವಾಗುತ್ತಾರೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಸತ್ತವರೆಲ್ಲ ನಿಜವಾಗಿ ಮಾಟ ಮಾಡಿದವರು ಎಂದು ನಾವೇ ತೀರ್ಪು ಕೊಟ್ಟ ಹಾಗೆ ಆಗುತ್ತದೆ. ಇಲ್ಲಿ "ಮಾಟದ ಆರೋಪ ಹೊತ್ತವರು" ಎಂದು ಬರೆಯಬೇಕು. ಎರಡು ಪದ ಜಾಸ್ತಿ ಆದರೂ ಪರವಾಗಿಲ್ಲ.

ಇದರ ಬಗ್ಗೆ ಇಷ್ಟು ಹೇಳುವುದಕ್ಕೆ ಕಾರಣ ಇದೆ. ನನ್ನ ಅಜ್ಜಿ ಶಿರಸಿ ಕಡೆಯ ಹಳ್ಳಿಯವಳು. ಬೆಟ್ಟದಿಂದ ಬೇರು, ತೊಗಟೆ ತಂದು ಕಾಮಾಲೆಗೆ ಮದ್ದು ಅರೆದು ಕೊಡುತ್ತಿದ್ದಳು. ದುಡ್ಡು ಮುಟ್ಟುತ್ತಿರಲಿಲ್ಲ. ಅಜ್ಜ ತೀರಿಕೊಂಡ ಮೇಲೆ ಒಂದು ವರ್ಷ ಆಚೆ ಮನೆಯ ಆಕಳು ಕರು ಹಾಕಿದರೂ ಹಾಲು ಕೊಡಲಿಲ್ಲ. ಯಾರೋ ಒಬ್ಬರು ಅಜ್ಜಿಯ ಹೆಸರು ಹಿಡಿದು ಆ ಪದ ಆಡಿದರು. ಒಂದೇ ಸಲ. ಅಂದಿನಿಂದ ಅಜ್ಜಿ ಮದ್ದು ಕೊಡುವುದನ್ನೇ ಬಿಟ್ಟಳು. ಅವಳಿಗೆ ಗೊತ್ತಿದ್ದ ಬೇರುಗಳ ಹೆಸರು ನಮಗೆ ಯಾರಿಗೂ ಬರಲಿಲ್ಲ.

ಈ ಪದ ಬರೀ ಕಥೆಯದ್ದಲ್ಲ ಅಂತ ಕಾನೂನಿಗೂ ಗೊತ್ತು. ಅಮಾನವೀಯ ಆಚರಣೆ ಮತ್ತು ವಾಮಾಚಾರ ತಡೆಯುವ ಕಾಯ್ದೆ ನಮ್ಮ ರಾಜ್ಯದಲ್ಲಿ 2017ರಲ್ಲಿ ಆಯಿತು, 2020ರ ಜನವರಿಯಲ್ಲಿ ಜಾರಿಗೆ ಬಂತು.

ಹಾಗಾದರೆ ಕಥೆಯಲ್ಲಿ ಬರುವ ಕೆಟ್ಟ ವಿಚ್‌ಗೆ? ಅಲ್ಲಿ ಮಾಟಗಾತಿ ಸರಿಯೇ. ಮಗುವನ್ನು ಒಲೆಗೆ ನೂಕಲು ಹೊರಟವಳಿಗೆ ಬೇರೆ ಹೆಸರು ಬೇಡ. ಒಳ್ಳೆಯವಳಾದರೆ "ಮಂತ್ರದ ಅಜ್ಜಿ", "ಮದ್ದಿನ ಅಜ್ಜಿ". ಹರೆಯದವಳಾದರೆ "ಮಂತ್ರ ಬಲ್ಲ ಹುಡುಗಿ". ನಿಘಂಟಿನಲ್ಲಿ ಇವು ಸಿಗುವುದಿಲ್ಲ, ಆದರೆ ಮಕ್ಕಳಿಗೆ ಕೇಳಿದ ಕೂಡಲೇ ಮುಖ ಕಾಣಿಸುತ್ತದೆ. ಈ ಕಾಲದಲ್ಲಿ ತಮ್ಮನ್ನು ತಾವೇ ವಿಚ್ ಎಂದು ಕರೆದುಕೊಳ್ಳುವ ವಿಕ್ಕಾ ಪಂಥದವರೂ ಇದ್ದಾರೆ. ಅವರು ಹೆಮ್ಮೆಯಿಂದ ಇಟ್ಟುಕೊಂಡ ಹೆಸರು ಅದು. ಅದನ್ನು ಹಾಗೇ ಬಿಡಬೇಕು.

ಇಂಗ್ಲಿಷಿನಲ್ಲಿ ವೈಸ್ ವುಮನ್, ಕನ್ನಿಂಗ್ ಮ್ಯಾನ್ ಎಂಬ ಹಳೆಯ ಪದಗಳೂ ಬರುತ್ತವೆ. ಹಳ್ಳಿಯಲ್ಲಿ ಮದ್ದು ಕೊಟ್ಟು, ಕಳೆದುಹೋದ ವಸ್ತು ಎಲ್ಲಿದೆ ಅಂತ ಹೇಳುತ್ತಿದ್ದವರು ಇವರು. ಕನ್ನಿಂಗ್ ಎಂದರೆ ಇಂದು ಕುತಂತ್ರ. ಆಗ ಅದಕ್ಕೆ ತಿಳಿವಳಿಕೆ ಎಂದೇ ಅರ್ಥ. "ಕುತಂತ್ರಿ" ಎಂದು ಬರೆದರೆ ಪಾಪದವರ ಮೇಲೆ ಸುಮ್ನೆ ಅಪವಾದ ಹೊರಿಸಿದ ಹಾಗೆ. "ಬಲ್ಲವರು" ಎಂಬ ಪದ ನಮ್ಮಲ್ಲಿ ಇದೆಯಲ್ಲ, ಅದು ಚೆನ್ನಾಗಿ ಒಪ್ಪುತ್ತದೆ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಗೆ ಹೋದವರಲ್ಲ. ಗಿಡಮರಗಳ ಬಗ್ಗೆ ಅವರಿಗಿದ್ದ ತಿಳಿವಳಿಕೆ ನೋಡಿ ಜನ "ಕಾಡಿನ ವಿಶ್ವಕೋಶ" ಎಂದು ಕರೆದರು. 2020ರ ಪದ್ಮಶ್ರೀ ಅವರಿಗೆ ಬಂತು. ತಿಳಿದ ಹೆಂಗಸಿಗೆ ಗೌರವದ ಹೆಸರು ಕೊಡಲು ಕನ್ನಡಕ್ಕೆ ಬರುತ್ತದೆ.

ಇನ್ನು ರಾಜಕೀಯ ಸುದ್ದಿಯಲ್ಲಿ ಬರುವ ವಿಚ್ ಹಂಟ್. ಇದನ್ನು "ಮಾಟಗಾತಿ ಬೇಟೆ" ಎಂದು ಬರೆದರೆ ಓದುಗನಿಗೆ ಏನೂ ತಿಳಿಯುವುದಿಲ್ಲ. "ಇಲ್ಲದ ಆರೋಪ ಹೊರಿಸಿ ಬೆನ್ನು ಹತ್ತುವುದು" ಎಂದರೆ ಮುಗಿಯಿತು.

ವಿಝರ್ಡ್, ಸಾರ್ಸರರ್, ವಾರ್ಲಾಕ್: ಶಕ್ತಿ ಎಲ್ಲಿಂದ ಬಂತು?

ವಿಝರ್ಡ್ ಪದದ ಬೇರು ವೈಸ್, ಅಂದರೆ ಬುದ್ಧಿವಂತ. 15ನೇ ಶತಮಾನದಲ್ಲಿ ಅದಕ್ಕೆ ಪಂಡಿತ ಎಂದಷ್ಟೇ ಅರ್ಥ. ಮಂತ್ರದ ಅರ್ಥ ಬಂದದ್ದು ಆಮೇಲೆ. ಹಾಗಾಗಿ ಕಥೆಯಲ್ಲಿ ಗಡ್ಡ ಬಿಟ್ಟು, ದಪ್ಪ ಪುಸ್ತಕ ಹಿಡಿದು ಕೂತವನು ಹೆಚ್ಚಾಗಿ ವಿಝರ್ಡ್. ಓದಿ ಗಳಿಸಿದ ಶಕ್ತಿ ಅವನದು. ಕನ್ನಡದಲ್ಲಿ "ಮಾಂತ್ರಿಕ" ಸಾಕು.

ಮಾಂತ್ರಿಕನಿಗೂ ಮಂತ್ರವಾದಿಗೂ ಏನು ಫರಕು ಎಂದು ಮಕ್ಕಳು ಕೇಳಿದರು. ನನ್ನ ಕಿವಿಗೆ ಕೇಳಿಸುವ ಫರಕು ಹೇಳುತ್ತೇನೆ. ಮಂತ್ರವಾದಿ ನಮ್ಮ ಊರಿನವನು. ಮನೆಗೆ ಕರೆಸಬಹುದು, ದಕ್ಷಿಣೆ ಕೊಟ್ಟು ಕಳಿಸಬಹುದು. ಮಾಂತ್ರಿಕ ಪುಸ್ತಕದವನು. ಪತ್ರಿಕೆಯ ಅಪರಾಧ ಪುಟದಲ್ಲಿ "ನಕಲಿ ಮಾಂತ್ರಿಕ" ಆಗಿಯೂ ಬರುತ್ತಾನೆ. ಹಾಗಾಗಿ ದೂರದ ದೇಶದ ವಿಝರ್ಡ್‌ಗೆ ಮಂತ್ರವಾದಿ ಎಂದರೆ ಅವನ ಕೈಗೆ ಕುಂಕುಮ, ನಿಂಬೆಹಣ್ಣು ಬಂದ ಹಾಗೆ ಕಾಣುತ್ತದೆ. ಮಾಂತ್ರಿಕ ಎಂದರೆ ಅವನು ತನ್ನ ಊರಿನಲ್ಲೇ ಇರುತ್ತಾನೆ.

ಹೊಗಳಿಕೆಯಾಗಿ ಬಂದಾಗ ಇನ್ನೂ ಸುಲಭ. ಇಂಗ್ಲಿಷರು ಧ್ಯಾನ್ ಚಂದ್ ಅವರನ್ನು ವಿಝರ್ಡ್ ಎಂದರು, ನಾವು "ಹಾಕಿ ಮಾಂತ್ರಿಕ" ಎಂದೆವು. ಎರಡೂ ಸರಿಸಮ ಕೂತಿವೆ. ಮಾತಿನ ಕಸುಬಿಗೆ ಮಾತ್ರ ನಮಗೆ ಇನ್ನೂ ಚೆಂದದ ಪದ ಇದೆ: ಗಾರುಡಿಗ. ಬೇಂದ್ರೆಯವರನ್ನು ಶಬ್ದಗಾರುಡಿಗ ಎಂದೇ ಕರೆಯುತ್ತೇವೆ, ಅಲ್ವಾ? ಗರುಡ ಹಾವಿನ ಹಗೆ. ಹಾವಿನ ವಿಷ ಇಳಿಸುವ ವಿದ್ಯೆ ಗಾರುಡ. ಅದನ್ನು ಬಲ್ಲವನು ಗಾರುಡಿಗ. ಮುಂದೆ ಅದು ಹಾವಾಡಿಸುವವನಿಗೂ ಬೀದಿಯಲ್ಲಿ ಆಟ ತೋರಿಸುವವನಿಗೂ ಬಂತು. ಆಮೇಲೆ ಕವಿಯ ತನಕ ಏರಿತು.

ಕಂಪ್ಯೂಟರಿನಲ್ಲಿ ಬರುವ ವಿಝರ್ಡ್ ಬೇರೆ. ಒಂದೊಂದೇ ಪ್ರಶ್ನೆ ಕೇಳುತ್ತಾ ಕೆಲಸ ಮುಗಿಸಿಕೊಡುವ ಕಿಟಕಿ ಅದು. "ಹಂತ ಹಂತದ ನೆರವು" ಎನ್ನಿ. ಮಾಂತ್ರಿಕನನ್ನು ಅಲ್ಲಿ ಕೂರಿಸಬೇಡಿ.

ಸಾರ್ಸರರ್ ಪದ ಬಂದದ್ದು ಲ್ಯಾಟಿನ್ನಿನ ಸಾರ್ಸ್ ಎಂಬುದರಿಂದ. ಅದಕ್ಕೆ ಅರ್ಥ ಚೀಟಿ, ಪಾಲು, ಅದೃಷ್ಟ. ಚೀಟಿ ಎತ್ತಿ ಮುಂದಿನದು ಹೇಳುವವನು ಮೊದಲಿನ ಸಾರ್ಸರರ್. ನಮ್ಮ ಕರಾವಳಿಯ ದೇವಸ್ಥಾನಗಳಲ್ಲಿ ಪ್ರಸಾದ ಕೇಳುವುದು ಇದೆಯಲ್ಲ, ಮೂರ್ತಿಗೆ ಹೂ ಹಚ್ಚಿ ಯಾವ ಬದಿಯ ಹೂ ಮೊದಲು ಬೀಳುತ್ತದೆ ಅಂತ ಕಾಯುವುದು? ಈ ಬೇರಿನ ಅರ್ಥ ಓದಿದಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ. ಆದರೆ ನಮ್ಮಲ್ಲಿ ಪ್ರಸಾದ ಕೇಳಿಸುವ ಭಟ್ಟರನ್ನು ಯಾರೂ ಮಾಟಗಾರ ಎನ್ನುವುದಿಲ್ಲ. ಇಂಗ್ಲಿಷಿನ ಆ ಪದ ಮಾತ್ರ ಕತ್ತಲೆಯ ಕಡೆಗೆ ಜಾರಿತು. ಇಂದು ಸಾರ್ಸರರ್ ಎಂದರೆ ವಿಝರ್ಡ್‌ಗಿಂತ ಒಂದು ಕೈ ಅಪಾಯದವನು. ಕಥೆಯಲ್ಲಿ ಅವನು ಕೇಡಿಗನಾದರೆ "ಮಾಟಗಾರ" ಎನ್ನಿ, ಇಲ್ಲದಿದ್ದರೆ ಅವನೂ ಮಾಂತ್ರಿಕನೇ.

ವಾರ್ಲಾಕ್ ಕಥೆ ಬೇರೆಯೇ. ಹಳೆಯ ಇಂಗ್ಲಿಷಿನಲ್ಲಿ ಅದು ವ್ಯಾರ್‌ಲೋಗ. ವ್ಯಾರ್ ಎಂದರೆ ಕೊಟ್ಟ ಮಾತು, ಲೋಗ ಎಂದರೆ ಸುಳ್ಳುಗಾರ. ಒಟ್ಟು ಅರ್ಥ ಮಾತಿಗೆ ತಪ್ಪಿದವನು. ಅದರಲ್ಲಿ ಮಂತ್ರವೇ ಇಲ್ಲ! ದೇವರಿಗೆ ಕೊಟ್ಟ ಮಾತು ಮುರಿದು ಸೈತಾನನ ಕಡೆ ಹೋದವನು ಎಂದಾಯಿತು. ಸ್ಕಾಟ್ಲೆಂಡಿನಲ್ಲಿ ಅದು ಗಂಡು ವಿಚ್‌ಗೆ ಹೆಸರಾಗಿ ನಿಂತಿತು. ಈ ಪದದಲ್ಲಿ ಹುಟ್ಟಿನಿಂದಲೇ ದೂರು ಇದೆ. ಹಾಗಾಗಿ ಇಲ್ಲಿ ಮಾಟಗಾರ ಎಂದರೆ ಅನ್ಯಾಯವೇನೂ ಆಗುವುದಿಲ್ಲ.

ಈ ಮೂವರೂ ಒಂದೇ ಕಡೆ ಬಂದರೆ ಕಷ್ಟ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟ 1974ರಿಂದ ಇದೆ. ಅದರಲ್ಲಿ ಈಗ ಮೂರೂ ಬೇರೆ ಬೇರೆ ಪಾತ್ರಗಳು. ವಿಝರ್ಡ್ ಓದಿ ಕಲಿತವನು. ಸಾರ್ಸರರ್‌ಗೆ ಶಕ್ತಿ ಹುಟ್ಟಿನಿಂದ ಬಂದದ್ದು. ವಾರ್ಲಾಕ್ ಯಾವುದೋ ದೊಡ್ಡ ಶಕ್ತಿಯ ಜೊತೆ ಒಪ್ಪಂದ ಮಾಡಿಕೊಂಡವನು. ಮಕ್ಕಳಿಗೆ ಈ ವಿಂಗಡಣೆ ಆಗಲೇ ಬಾಯಿಪಾಠ. ಇಂಥಲ್ಲಿ ಒಂದೊಂದೇ ಪದ ಹುಡುಕುವ ಹಟ ಬಿಟ್ಟೆವು. "ಮಂತ್ರ ಕಲಿತವನು", "ಹುಟ್ಟು ಮಾಂತ್ರಿಕ", "ಶಕ್ತಿ ಒಲಿಸಿಕೊಂಡವನು" ಎಂದು ಬರೆದೆವು. ಒಲಿಸಿಕೊಳ್ಳುವುದು ನಮ್ಮದೇ ಮಾತು. ಕೊನೆಯವನಿಗೆ ಅದು ಹೇಳಿ ಮಾಡಿಸಿದ ಹಾಗಿದೆ.

ಉಳಿದವರು

ಮ್ಯಾಜಿಶಿಯನ್ ವೇದಿಕೆಯ ಮೇಲಿದ್ದರೆ ಜಾದೂಗಾರ, ಕಥೆಯೊಳಗಿದ್ದರೆ ಮಾಂತ್ರಿಕ. ಇದರ ಬೇರು ಹಳೆಯ ಪರ್ಷಿಯಾದ ಪುರೋಹಿತರ ಹೆಸರು. ಏಸು ಹುಟ್ಟಿದಾಗ ಮೂಡಣದಿಂದ ಬಂದವರನ್ನು ಮೇಜೈ ಎನ್ನುತ್ತಾರಲ್ಲ, ಅದೂ ಇದೇ ಪದ. ಕನ್ನಡದಲ್ಲಿ ಅವರು ಜ್ಞಾನಿಗಳು. ಅವರನ್ನು ಮಾಂತ್ರಿಕರು ಎಂದು ಬರೆಯಲು ಯಾರಿಗೂ ಮನಸ್ಸು ಬರಲಾರದು. ಬೇರು ಒಂದೇ ಆದರೂ ಪದ ಬೇರೆ ಬೇಕಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಕಾಂಜುರರ್ ಮೊದಲು ಆಣೆ ಹಾಕಿ ಭೂತವನ್ನು ಕರೆಯುವವನು. ಈಗ ಟೋಪಿಯಿಂದ ಮೊಲ ತೆಗೆಯುವವನು. ನಮ್ಮ "ಯಕ್ಷಿಣಿ" ಪದವೂ ಇದೇ ದಾರಿಯಲ್ಲಿ ನಡೆದಿದೆ. ಯಕ್ಷರ ಹೆಣ್ಣು ಯಕ್ಷಿಣಿ. ಅವಳನ್ನು ವಶ ಮಾಡಿಕೊಂಡವನು ಏನು ಬೇಕಾದರೂ ತರಿಸಬಲ್ಲ ಎಂಬ ನಂಬಿಕೆ. ಅಲ್ಲಿಂದ ಜಾತ್ರೆಯಲ್ಲಿ ಬರಿಗೈಯಿಂದ ನಾಣ್ಯ ತೆಗೆಯುವವನು ಯಕ್ಷಿಣಿಗಾರನಾದ. ಎರಡು ಭಾಷೆಗಳು ಒಂದನ್ನೊಂದು ಕೇಳದೆಯೇ ಹೀಗೆ ಒಂದೇ ಹೆಜ್ಜೆ ಇಟ್ಟದ್ದು ನೋಡಿ ನನಗೆ ಬಹಳ ಖುಷಿಯಾಯಿತು. ಆದ್ದರಿಂದ ಕಾಂಜುರರ್‌ಗೆ ಜಾದೂಗಾರ ಅನ್ನುವುದಕ್ಕಿಂತ ಯಕ್ಷಿಣಿಗಾರ ಮೇಲು. ಅವನು ಮಾಡುವುದು ಕಣ್ಕಟ್ಟು.

ಎನ್‌ಚಾಂಟರ್ ಪದದೊಳಗೆ ಹಾಡು ಇದೆ. ಚಾರ್ಮ್ ಎಂಬುದೂ ಹಾಡಿನಿಂದಲೇ ಬಂದದ್ದು. ಇವಕ್ಕೆಲ್ಲ "ಮೋಡಿ" ಇದೆ. ಮೋಡಿ ಹಾಕಿದ ಎಂದರೆ ಸ್ವಲ್ಪ ಅಂಜಿಕೆ, ಮೋಡಿ ಮಾಡಿದ ಎಂದರೆ ಮೆಚ್ಚುಗೆ. ಕ್ರಿಯಾಪದ ಒಂದೇ ಬದಲಾದದ್ದು. ಇನ್ನು ಗ್ಲಾಮರ್ ಎಂಬ ಪದ ಗ್ರಾಮರ್ ಪದದ್ದೇ ಸ್ಕಾಟಿಷ್ ರೂಪ. ಓದು ಬಲ್ಲವನಿಗೆ ಮಂತ್ರವೂ ಬರುತ್ತದೆ ಎಂದು ಓದದ ಜನ ನಂಬಿದ್ದರು. ಗ್ಲಾಮರ್ ಎಂದರೆ ಕಣ್ಣಿಗೆ ಮಂಕು ಕವಿಸುವ ಮಾಟ, ಆಮೇಲೆ ಸಿನಿಮಾದವರ ಚೆಲುವು. ಮೂವತ್ತು ವರ್ಷ ವ್ಯಾಕರಣ ಪಾಠ ಮಾಡಿದವಳಿಗೆ ಇದನ್ನು ಹೇಳದೆ ಬಿಡಲು ಮನಸ್ಸಾಗಲಿಲ್ಲ.

ನೆಕ್ರೊಮ್ಯಾನ್ಸರ್ ಎಂದರೆ ಸತ್ತವರನ್ನು ಮಾತಾಡಿಸಿ ಮುಂದಿನದು ತಿಳಿಯುವವನು. ಹಾಗೇ ಬಿಡಿಸಿ ಬರೆಯಿರಿ. ಪ್ರೇತ ಬಿಡಿಸುವವನ ಕೆಲಸ ಇದಕ್ಕೆ ತಿರುಗುಮುರುಗು. ಅವನು ಸತ್ತವರನ್ನು ಕಳಿಸುತ್ತಾನೆ, ಇವನು ಕರೆಯುತ್ತಾನೆ.

ಭೂತ, ದೋಷ ಬಿಡಿಸುವವನಿಗೆ ಕಾರವಾರದ ಕೊಂಕಣಿಯಲ್ಲಿ ಘಾಡಿ ಎಂಬ ಪದ ಇದೆ. ತೊಂದರೆಗೆ ಕಾರಣ ಏನು ಅಂತ ಬಲ್ಲವರಲ್ಲಿ ಕೇಳಿಸುವುದಕ್ಕೆ ಘಟ್ಟದ ಮೇಲೂ ಕೆಳಗೂ "ನೋಟ ನೋಡಿಸುವುದು" ಎನ್ನುತ್ತಾರೆ. ಇವು ಊರಿನ ದೇವರು, ಊರಿನ ನಂಬಿಕೆಯ ಜೊತೆ ಹೆಣೆದುಕೊಂಡ ಪದಗಳು. ಇಂಗ್ಲಿಷ್ ಕಥೆಯ ಪಾತ್ರಕ್ಕೆ ಇವನ್ನು ತೊಡಿಸಬೇಡಿ. ಎರಡೂ ಕಡೆಯವರಿಗೆ ಸರಿಯಾಗುವುದಿಲ್ಲ.

ಗೋಕರ್ಣದಲ್ಲಿ ಎರಡೂ ಒಟ್ಟಿಗೆ

ಮಂತ್ರದ ಪದಗಳಿಂದ ಇಂಟರ್ಸೆಪ್ಟ್ ಕಡೆಗೆ ದಾಟುವಾಗ ಮಕ್ಕಳಿಗೆ ಗೋಕರ್ಣದ ಕಥೆ ನೆನಪಿಸಿದೆ. ರಾವಣ ಆತ್ಮಲಿಂಗ ಹಿಡಿದು ಲಂಕೆಗೆ ಹೊರಟಿದ್ದಾನೆ. ನೆಲಕ್ಕೆ ಇಡುವಂತಿಲ್ಲ. ವಿಷ್ಣು ಚಕ್ರವನ್ನು ಸೂರ್ಯನಿಗೆ ಅಡ್ಡ ಹಿಡಿದ. ಹೊತ್ತು ಮುಳುಗಿತು ಎಂದು ರಾವಣ ಸಂಧ್ಯಾವಂದನೆಗೆ ನಿಂತ. ಲಿಂಗವನ್ನು ದನ ಕಾಯುವ ಹುಡುಗನ ವೇಷದ ಗಣಪನ ಕೈಗೆ ಕೊಟ್ಟ. ಮೂರು ಸಲ ಕರೆದು ಗಣಪ ಅದನ್ನು ನೆಲಕ್ಕಿಟ್ಟ.

ವಿಷ್ಣು ಮಾಡಿದ್ದಕ್ಕೆ ಯಾವ ಪದ? ಮಾಟ ಎಂದು ಯಾರೂ ಅನ್ನಲಿಲ್ಲ. "ಮಾಯೆ" ಎಂದರು. ಮಾಯೆ ಎಂಬ ಪದ ದೂರನ್ನೂ ಹೇಳುವುದಿಲ್ಲ, ಹೊಗಳಿಕೆಯನ್ನೂ ಹೇಳುವುದಿಲ್ಲ. ಯಕ್ಷಗಾನದಲ್ಲಿ ಘಟೋತ್ಕಚನೂ ಮಾಯಾವಿ, ಮೈರಾವಣನೂ ಮಾಯಾವಿ. ಒಬ್ಬ ನಮ್ಮ ಕಡೆಯವನು, ಇನ್ನೊಬ್ಬ ಎದುರಿನವನು. ಮೂಲದಲ್ಲಿ ಒಳ್ಳೆಯವನೋ ಕೆಟ್ಟವನೋ ಗೊತ್ತಾಗದ ಪಾತ್ರ ಬಂದರೆ ನಾನು "ಮಾಯಾವಿ" ಹಾಕುತ್ತೇನೆ.

ಗಣಪ ಮಾಡಿದ್ದಕ್ಕೆ? ಒಬ್ಬ ಹುಡುಗ "ತಡೆದ" ಎಂದ. ಇನ್ನೊಬ್ಬ "ಅಡ್ಡಗಟ್ಟಿದ" ಎಂದ. ಆ ಹುಡುಗಿ ಹೇಳಿದಳು, "ಇಲ್ಲ ಅಕ್ಕೋರೆ, ಅವ ನಡುವೆ ಕೈಗೆ ತಕೊಂಡ." ಇಂಟರ್ಸೆಪ್ಟ್ ಪದವನ್ನು ಒಡೆದರೆ ಸಿಗುವುದು ಇದೇ. ಲ್ಯಾಟಿನ್ನಿನ ಇಂಟರ್ ಎಂದರೆ ನಡುವೆ, ಕಾಪೆರೆ ಎಂದರೆ ಹಿಡಿ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಟದ್ದನ್ನು ದಾರಿಯ ನಡುವೆ ಹಿಡಿಯುವುದು.

ಇಂಟರ್ಸೆಪ್ಟ್: ಹೊರಟದ್ದು ತಲುಪಿತಾ?

ಇಲ್ಲಿ ಕೇಳಬೇಕಾದದ್ದು ಎರಡು. ಹೊರಟದ್ದು ಗುರಿ ತಲುಪಿತಾ? ನಡುವೆ ಹಿಡಿದದ್ದು ಎದುರಾ ಎದುರೋ, ಗುಟ್ಟಾಗಿಯೋ?

ಬೋಟಿನಿಂದ ಶುರು ಮಾಡೋಣ. ಕರಾವಳಿ ಕಾವಲು ಪಡೆಯವರಲ್ಲಿ ಇಂಟರ್ಸೆಪ್ಟರ್ ಬೋಟ್ ಇರುತ್ತವೆ. ವೇಗವಾಗಿ ಹೋಗಿ ಅನುಮಾನದ ದೋಣಿಯನ್ನು ಹಿಡಿದು ತಪಾಸಣೆ ಮಾಡುವುದು ಅವುಗಳ ಕೆಲಸ. ಇದಕ್ಕೆ "ತಡೆದು ನಿಲ್ಲಿಸಿದರು" ಎಂದರೆ ಸಾಕು. ಅಡ್ಡಗಟ್ಟಿದರು ಬೇಡ. "ಬೈಕ್ ಅಡ್ಡಗಟ್ಟಿ ಸರ ಕಿತ್ತುಕೊಂಡರು" ಎಂದು ಓದಿ ಓದಿ ಆ ಪದಕ್ಕೆ ದರೋಡೆಯ ವಾಸನೆ ಬಂದಿದೆ. ಕಥೆ ಪುರಾಣದಲ್ಲಿ ಮಾತ್ರ ಅದರ ಮರ್ಯಾದೆ ಉಳಿದಿದೆ. ಸೀತೆಯನ್ನು ಹೊತ್ತೊಯ್ಯುವ ರಾವಣನನ್ನು ಜಟಾಯು ಅಡ್ಡಗಟ್ಟಿದ. ಅಲ್ಲಿ ಬೇರೆ ಪದ ಹಾಕಿದರೆ ಮುದಿ ಹದ್ದಿನ ಧೈರ್ಯವೇ ಕಾಣುವುದಿಲ್ಲ.

ಗೋವಾ ಗಡಿಯ ಮಾಜಾಳಿ ಚೆಕ್‌ಪೋಸ್ಟಿನ ಸುದ್ದಿಯಲ್ಲಿ "ವಶಕ್ಕೆ ಪಡೆದರು" ಎಂದು ಬರುತ್ತದೆ. ಅದು ಇಂಟರ್ಸೆಪ್ಟ್ ಅಲ್ಲ, ಅದರ ನಂತರದ ಹೆಜ್ಜೆ. ತಡೆದ ಲಾರಿಯಲ್ಲಿ ಏನೂ ಸಿಗದೆ ಬಿಟ್ಟು ಕಳಿಸುವುದೂ ಇರುತ್ತದಲ್ಲ. ಹೆದ್ದಾರಿ 66ರಲ್ಲಿ ವೇಗ ಅಳೆಯುತ್ತಾ ನಿಲ್ಲುವ ಪೊಲೀಸ್ ಗಾಡಿಗೆ ಎಲ್ಲರೂ ಇಂಟರ್ಸೆಪ್ಟರ್ ಎಂದೇ ಅನ್ನುತ್ತಾರೆ. ಅದು ಹಾಗೇ ಇರಲಿ.

ಫುಟ್ಬಾಲಿನಲ್ಲಿ ಎದುರಾಳಿ ಕಳಿಸಿದ ಪಾಸ್ ಅವನ ಜೊತೆಗಾರನನ್ನು ಮುಟ್ಟುವ ಮೊದಲು ನಡುವೆ ಹೊಕ್ಕು ಹಿಡಿದರೆ ಇಂಟರ್ಸೆಪ್ಷನ್. ಕಾಲಿನಲ್ಲಿದ್ದ ಚೆಂಡನ್ನು ಕಿತ್ತರೆ ಟ್ಯಾಕಲ್. "ಪಾಸ್ ಕತ್ತರಿಸಿದ", "ಚೆಂಡು ಕಿತ್ತುಕೊಂಡ" ಎಂದು ಬೇರೆ ಮಾಡಬಹುದು. ಕ್ಷಿಪಣಿಯ ಸುದ್ದಿಯಲ್ಲಿ ಇಂಟರ್ಸೆಪ್ಟರ್ ಎಂದರೆ ಬರುತ್ತಿರುವ ಕ್ಷಿಪಣಿಯನ್ನು ಆಕಾಶದಲ್ಲೇ ಹೊಡೆಯುವ ಇನ್ನೊಂದು ಕ್ಷಿಪಣಿ. ಪತ್ರಿಕೆಯವರು ಪ್ರತಿಬಂಧಕ ಎನ್ನುತ್ತಾರೆ. ನನಗೆ ಕುರುಕ್ಷೇತ್ರದ ಮಾತೇ ಇಷ್ಟ: ಬಾಣವನ್ನು ನಡುದಾರಿಯಲ್ಲೇ ತುಂಡರಿಸಿದ. ಗಣಿತದಲ್ಲಿ ಇಂಟರ್ಸೆಪ್ಟ್ ಎಂದರೆ ಗೆರೆ ಅಕ್ಷವನ್ನು ಕಡಿಯುವ ಜಾಗ, ಅಷ್ಟೇ.

ಇಷ್ಟರಲ್ಲೆಲ್ಲ ಹೊರಟದ್ದು ತಲುಪಲಿಲ್ಲ, ಅಥವಾ ತಡವಾಯಿತು. ಸಂದೇಶದ ವಿಷಯಕ್ಕೆ ಬಂದರೆ ಲೆಕ್ಕ ತಲೆಕೆಳಗಾಗುತ್ತದೆ. 1917ರ ಜನವರಿಯಲ್ಲಿ ಜರ್ಮನಿಯ ವಿದೇಶಾಂಗ ಸಚಿವ ಝಿಮ್ಮರ್‌ಮನ್ ಮೆಕ್ಸಿಕೊ ಕಡೆಗೆ ಒಂದು ಗುಪ್ತ ತಂತಿ ಕಳಿಸಿದ. ಬ್ರಿಟಿಷರು ಅದನ್ನು ಇಂಟರ್ಸೆಪ್ಟ್ ಮಾಡಿದರು. ತಂತಿ ಮಾತ್ರ ನಿಲ್ಲಲಿಲ್ಲ, ತಲುಪುವಲ್ಲಿಗೆ ತಲುಪಿತು. ನಡುವೆ ಇನ್ನೊಬ್ಬರೂ ಓದಿಕೊಂಡರು ಅಷ್ಟೇ. ಇಲ್ಲಿ "ತಡೆದರು" ಎಂದು ಬರೆದರೆ ಇತಿಹಾಸವೇ ಸುಳ್ಳಾಗುತ್ತದೆ.

ಹಾಗಾದರೆ ಕದ್ದಾಲಿಕೆ? ಅದು ಬಹಳ ಚೆಂದದ ಪದ. ಆದರೆ ಅದು ಆಲಿಸಿದವನನ್ನು ಕಳ್ಳ ಎನ್ನುತ್ತದೆ. ಅದರ ಭಾರ ನಮ್ಮ ಜಿಲ್ಲೆಗೆ ಗೊತ್ತು. ಸಿದ್ದಾಪುರದ ದೊಡ್ಮನೆಯ ರಾಮಕೃಷ್ಣ ಹೆಗಡೆಯವರು 1988ರಲ್ಲಿ ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟದ್ದು ದೂರವಾಣಿ ಕದ್ದಾಲಿಕೆಯ ಆರೋಪ ಎದ್ದಾಗ. ಆಗ ಮನೆ ಮನೆಯಲ್ಲೂ ಆ ಪದ ಓಡಾಡಿತು. ಅಲ್ಲಿ ಅದು ಸರಿ, ಏಕೆಂದರೆ ಅಲ್ಲಿ ಇದ್ದದ್ದೇ ದೂರು.

ಕಾನೂನಿನ ಪಠ್ಯದಲ್ಲಿ ಮಾತ್ರ ಅದು ಒಪ್ಪುವುದಿಲ್ಲ. 2024ರ ತನಕ ಬಳಕೆಯಲ್ಲಿದ್ದ, 1885ರ ಟೆಲಿಗ್ರಾಫ್ ಕಾಯ್ದೆಯ 5(2)ನೇ ಸೆಕ್ಷನ್ ನೋಡಿ. ಸಂದೇಶವನ್ನು ರವಾನಿಸದೆ ಇರುವುದು, ಇಂಟರ್ಸೆಪ್ಟ್ ಮಾಡುವುದು, ತಡೆಹಿಡಿಯುವುದು ಅಂತ ಅದು ಬೇರೆ ಬೇರೆಯಾಗಿ ಹೇಳುತ್ತಿತ್ತು. ಅಂದರೆ ಇಂಟರ್ಸೆಪ್ಟ್ ಎಂದರೆ ತಡೆಯುವುದಲ್ಲ ಎಂದು ಕಾಯ್ದೆಯೇ ತೋರಿಸಿಕೊಟ್ಟಿದೆ. 2000ದ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 69ನೇ ಸೆಕ್ಷನ್‌ನಲ್ಲಿ ಇಂಟರ್ಸೆಪ್ಷನ್, ಮಾನಿಟರಿಂಗ್ (ನಿಗಾ ಇಡುವುದು), ಡಿಕ್ರಿಪ್ಷನ್ (ಗುಪ್ತ ಸಂದೇಶ ಬಿಡಿಸಿ ಓದುವುದು) ಮೂರೂ ಬೇರೆ ಬೇರೆಯಾಗಿ ಇವೆ. ಫೋನ್ ಕದ್ದಾಲಿಕೆ ಖಾಸಗಿತನಕ್ಕೆ ಧಕ್ಕೆ ತರುತ್ತದೆ ಎಂದು ಸುಪ್ರೀಂ ಕೋರ್ಟ್ 1996ರ ಡಿಸೆಂಬರಿನಲ್ಲಿ ಹೇಳಿ, ಇದಕ್ಕೆ ಕಟ್ಟುಪಾಡು ಹಾಕಿತು. ಆದೇಶ ಪಡೆದು ಮಾಡಿದ್ದಕ್ಕೂ ಆದೇಶ ಇಲ್ಲದೆ ಮಾಡಿದ್ದಕ್ಕೂ ಒಂದೇ ಪದ ಬಳಸಿದರೆ ಓದುಗನಿಗೆ ಯಾವುದು ತಪ್ಪು, ಯಾವುದು ಅಲ್ಲ ಎಂಬುದೇ ತಿಳಿಯದೆ ಹೋಗುತ್ತದೆ. ಹಾಗಾಗಿ ನಾನು ಆದೇಶದ ಮೇಲೆ ನಡೆದದ್ದಕ್ಕೆ "ನಡುವೆ ಆಲಿಸುವುದು" ಅಥವಾ "ನಡುವೆ ಓದುವುದು" ಎನ್ನುತ್ತೇನೆ. ಕದ್ದು ಮಾಡಿದ್ದಕ್ಕೆ ಮಾತ್ರ ಕದ್ದಾಲಿಕೆ.

ಇನ್ನೊಂದು ಇಂಟರ್ಸೆಪ್ಷನ್ ಶಿರಸಿಯವರಿಗೆ ದಿನಾ ಕಾಣುವಂಥದ್ದು. ಬಿದ್ದ ಮಳೆಯಲ್ಲಿ ಒಂದಿಷ್ಟು ಎಲೆ, ಕೊಂಬೆಗಳ ಮೇಲೇ ಉಳಿದು, ನೆಲ ಮುಟ್ಟದೆ ಆವಿಯಾಗಿ ಹೋಗುತ್ತದೆ. ಕಾಡು, ನೀರು ಓದುವವರು ಇದನ್ನೂ ಇಂಟರ್ಸೆಪ್ಷನ್ ಎನ್ನುತ್ತಾರೆ. ಮಳೆ ನಿಂತರೂ ಮರದ ಹನಿ ನಿಲ್ಲದು ಎನ್ನುತ್ತೇವಲ್ಲ, ಆ ಹನಿ ಇದರಲ್ಲಿ ಸೇರುವುದಿಲ್ಲ. ಅದು ತಡವಾಗಿಯಾದರೂ ನೆಲಕ್ಕೆ ಬಂತು. ಬಾರದೆ ಉಳಿದದ್ದು ಮಾತ್ರ ಇದು. "ಎಲೆ ಹಿಡಿದಿಟ್ಟ ಮಳೆ" ಎಂದು ಮಕ್ಕಳು ಬರೆದರು. ನಾನು ಒಂದಕ್ಷರ ತಿದ್ದಲಿಲ್ಲ. ಇಲ್ಲಿ ಯಾರ ಮೇಲೂ ದೂರಿಲ್ಲ, ಮರದ ಮೇಲೂ ಇಲ್ಲ.

ಆ ಹುಡುಗಿ ಮುಂದಿನ ವಾರ ತನ್ನ ಎರಡೂ ವಾಕ್ಯ ತಿದ್ದಿ ತಂದಳು. "ಊರಿನವರಿಗೆಲ್ಲ ಔಷಧ ಕೊಡುತ್ತಿದ್ದ ಆ ಮದ್ದಿನ ಅಜ್ಜಿ ಮಕ್ಕಳಿಗೆ ತುಂಬ ಇಷ್ಟ." "ಪೊಲೀಸರು ಆ ಬೋಟನ್ನು ಸಮುದ್ರದಲ್ಲೇ ತಡೆದು ನಿಲ್ಲಿಸಿದರು." ಅದರ ಕೆಳಗೆ ಕಥೆಯ ಮುಂದಿನ ಪುಟದ ಒಂದು ವಾಕ್ಯವೂ ಇತ್ತು. ಊರಿನಲ್ಲಿ ಜ್ವರ ಹಬ್ಬಿದಾಗ ಜನ ಅದೇ ಅಜ್ಜಿಯ ಬಾಗಿಲಿಗೆ ಬಂದು ಕೂಗುವ ಜಾಗ ಅದು. ಅಲ್ಲಿ ಅವಳು "ಮಾಟಗಾತಿ" ಎಂಬ ಪದ ಬಿಟ್ಟಿರಲಿಲ್ಲ. ಆದರೆ ಅದನ್ನು ಊರವರ ಬಾಯಲ್ಲಿ, ಉದ್ಧರಣ ಚಿಹ್ನೆಯ ಒಳಗೆ ಇಟ್ಟಿದ್ದಳು.